ಬಿಚ್ಚಿ ಜೋಡಿಸಿದ ಗಾಡಿ ಸ್ಟಾರ್ಟ್ ಆಗ್ತಿಲ್ವಾ? ಮೊದಲು ಪಾನಾ ಕೆಳಗಿಡಿ

ನಾನು ಮೆಕ್ಯಾನಿಕ್ ಅಲ್ಲ. ಕಲಬುರಗಿಯ ಬ್ರಹ್ಮಪುರದಲ್ಲಿ ಮನೆ, ಕಪನೂರಿನ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ನನ್ನ ಹತ್ತಿರ 2009ರ ಸ್ಪ್ಲೆಂಡರ್ ಪ್ಲಸ್ ಇದೆ. ಅದರ ಸಣ್ಣಪುಟ್ಟ ಕೆಲಸವೆಲ್ಲ ಮನೆಯಲ್ಲೇ ಮಾಡಿಕೊಳ್ಳುತ್ತೇನೆ. ತೊಗರಿ ಒಡೆಯುವಾಗ ಏಳುವ ದೂಳು ಹಿಟ್ಟಿಗಿಂತ ನುಣುಪು. ಮಿಲ್ಲಿನ ಹೊರಗೆ ನಿಲ್ಲಿಸಿದ ಗಾಡಿಯ ಏರ್ ಫಿಲ್ಟರ್ ಒಳಗೂ ಹೋಗಿ ಕೂರುತ್ತದೆ. ಹಾಗಾಗಿ ಭಾನುವಾರ ಅಂಗಳದ ಪರಸಿ ಕಲ್ಲಿನ ಮೇಲೆ ಪಾನಾ, ಪಕ್ಕಡ ಹರಡಿಕೊಂಡು ಕೂರುವುದು ನನಗೆ ರೂಢಿ.

ಹೀಗೆ ಕೂರುವವರಿಗೆಲ್ಲ ಒಂದಲ್ಲ ಒಂದು ದಿನ ಇದು ಆಗೇ ಆಗುತ್ತದೆ. ಬಿಚ್ಚುವಾಗ ಚೆನ್ನಾಗಿ ಓಡುತ್ತಿದ್ದ ಗಾಡಿ, ಜೋಡಿಸಿದ ಮೇಲೆ ಎಷ್ಟು ಕಿಕ್ ಹೊಡೆದರೂ ಉಸಿರೆತ್ತುವುದಿಲ್ಲ. ಆಗ ನಾವು ಮಾಡುವ ತಪ್ಪು ಒಂದೇ. ಕೈಯಲ್ಲಿ ಪಾನಾ ಇರುತ್ತದೆ, ತಲೆ ಬಿಸಿಯಾಗಿರುತ್ತದೆ, ಇನ್ನೂ ನಾಲ್ಕು ಬೋಲ್ಟ್ ಬಿಚ್ಚುತ್ತೇವೆ.

ನೆಹರು ಗಂಜ್ ಹತ್ತಿರ ಒಬ್ಬ ಉಸ್ತಾದ್ ಇದ್ದಾರೆ. ಗಾಡಿ ತಳ್ಳಿಕೊಂಡು ಹೋದರೆ ‘ಏನಾಗ್ಯಾದ’ ಅಂತ ಕೇಳುವುದೇ ಇಲ್ಲ. ‘ಏನೇನ್ ಬಿಚ್ಚೀರಿ, ಮೊದ್ಲ ಅದನ್ನ ಹೇಳ್ರಿ’ ಅನ್ನುತ್ತಾರೆ. ಪೂರ್ತಿ ಚಿಕಿತ್ಸೆ ಆ ಒಂದು ಪ್ರಶ್ನೆಯಲ್ಲೇ ಇದೆ. ನಿನ್ನೆ ಸಂಜೆ ಓಡಿದ ಗಾಡಿಯ ಪಿಸ್ಟನ್ ರಾತ್ರೋರಾತ್ರಿ ಸವೆದುಹೋಗಿರುವುದಿಲ್ಲ ಅಲ್ವಾ? ಕಿಡಿಗೆ ಕರೆಂಟ್ ಕೊಡುವ ಸಿ.ಡಿ.ಐ. ಡಬ್ಬಿ ಸುಟ್ಟಿರುವುದೂ ಅಪರೂಪ. ನಾವು ಕೈ ಹಾಕಿದ ಜಾಗದಲ್ಲೇ, ಇಲ್ಲವೇ ಅಲ್ಲಿಗೆ ಕೈ ತೂರಿಸುವಾಗ ಮೊಣಕೈ ತಾಗಿದ ಜಾಗದಲ್ಲೇ ತಪ್ಪು ಇರುತ್ತದೆ. ಲೆಕ್ಕ ಬರೆಯುವವನಿಗೆ ಇದು ಹೊಸದೇನಲ್ಲ. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಯಾರೂ ಹೋದ ವರ್ಷದ ಪುಸ್ತಕ ತೆಗೆಯುವುದಿಲ್ಲ, ಇವತ್ತಿನ ಪುಟವನ್ನೇ ಕೆಳಗಿನಿಂದ ಮೇಲಕ್ಕೆ ನೋಡುತ್ತಾರೆ.

ಆದ್ದರಿಂದ ಪಾನಾ ಕೆಳಗಿಡಿ. ನೀರು ಕುಡಿಯಿರಿ. ಒಂದು ಹಾಳೆ ತೆಗೆದುಕೊಂಡು ಇವತ್ತು ಏನೇನು ಬಿಚ್ಚಿದಿರಿ ಅಂತ ಬರೆಯಿರಿ. ‘ಸೀಟ್ ತೆಗೆದೆ’ ಅನ್ನುವುದನ್ನೂ ಬರೆಯಿರಿ. ಟ್ಯಾಂಕ್ ಸ್ವಲ್ಪ ಎತ್ತಿದ್ದರೆ ಅದನ್ನೂ. ನಾನು ಇದಕ್ಕೆ ಬೇರೆ ಖಿರ್ದಿಯನ್ನೇ ಇಟ್ಟಿದ್ದೇನೆ. ಎಡಕ್ಕೆ ಬಿಚ್ಚಿದ್ದು, ಬಲಕ್ಕೆ ಕೂರಿಸಿದ್ದು. ಮನೆಯಲ್ಲಿ ನಗುತ್ತಾರೆ, ನಗಲಿ.

ಕೈ ಕೊಳೆಯಾಗದ ಕೆಲಸ ಮೊದಲು

ಪೆಟ್ರೋಲ್ ಕಾಕ್ ನೋಡಿ. ಟ್ಯಾಂಕ್ ತೆಗೆಯುವಾಗ ನಾವೇ ಬಂದ್ ಮಾಡಿರುತ್ತೇವೆ, ಆಮೇಲೆ ಮರೆಯುತ್ತೇವೆ. ನಾನು ಎರಡು ಸಲ ಮರೆತಿದ್ದೇನೆ. ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರಿನ ಬಟ್ಟಲಲ್ಲಿ ಉಳಿದ ಪೆಟ್ರೋಲ್‌ನಿಂದ ಗಾಡಿ ಒಂದು ನಿಮಿಷ ಓಡಿ ನಿಂತರಂತೂ ಗೊಂದಲ ಇನ್ನೂ ಜಾಸ್ತಿ. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದರೆ ರಿಸರ್ವ್‌ಗೆ ತಿರುಗಿಸಿ. ಟ್ಯಾಂಕ್ ಕೂರಿಸುವಾಗ ಪೈಪ್ ಮಡಚಿಕೊಂಡು ಕಣ್ಣಿಗೆ ಕಾಣದ ಕಡೆ ಒತ್ತಿರುವುದೂ ಉಂಟು.

ಕಿಲ್ ಸ್ವಿಚ್ ಇರುವ ಗಾಡಿಯಾದರೆ ಅದನ್ನು ನೋಡಿ. ಹ್ಯಾಂಡಲ್ ಒರೆಸುವಾಗ ಬಟ್ಟೆ ತಾಗಿದರೂ ಅದು ಬಿದ್ದುಹೋಗುತ್ತದೆ. ಹೊಸ ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡ್ ಇಳಿಸಿದ್ದರೂ ಸ್ಟಾರ್ಟ್ ಆಗದಂತೆ ಮಾಡಿರುತ್ತಾರೆ. ಕೀ ಹಾಕಿ ನ್ಯೂಟ್ರಲ್ ದೀಪ, ಹಾರ್ನ್ ನೋಡಿ. ಎರಡೂ ಇಲ್ಲದಿದ್ದರೆ ಇಂಜಿನ್ ಕಡೆ ಹೋಗುವ ಅಗತ್ಯವೇ ಇಲ್ಲ. ಬ್ಯಾಟರಿಯ ಟರ್ಮಿನಲ್ ಸಡಿಲ ಇರಬೇಕು, ಇಲ್ಲ ಫ್ಯೂಸ್ ಹೋಗಿರಬೇಕು. ಟರ್ಮಿನಲ್ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಇದನ್ನು ಉಲ್ಟಾ ಮಾಡಿದರೆ ಪಾನಾ ಪ್ಲಸ್‌ನಿಂದ ಚಾಸಿಗೆ ತಾಗಿ ಕಿಡಿ ಹಾರುತ್ತದೆ.

ಸೆಲ್ಫ್ ಒತ್ತಿದಾಗ ಬರೀ ‘ಕಟ್ ಕಟ್’ ಅಂದರೆ ಬ್ಯಾಟರಿ ಇಳಿದಿದೆ. ಮಲ್ಟಿಮೀಟರ್ ಇದ್ದರೆ ಹಿಡಿದು ನೋಡಿ. ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿ. ಕಿಕ್ ಇದೆಯಲ್ಲ ಅಂತ ಬ್ಯಾಟರಿಯನ್ನು ಪೂರ್ತಿ ಮರೆಯುವಂತಿಲ್ಲ. ಕೆಲವು ಗಾಡಿಗಳಲ್ಲಿ ಬ್ಯಾಟರಿ ಪೂರ್ತಿ ಸತ್ತರೆ ಕಿಕ್ ಹೊಡೆದರೂ ಕರೆಂಟ್ ಬರುವುದಿಲ್ಲ.

ಇನ್ನೊಂದು, ಹೇಳಲು ನಾಚಿಕೆಯಾಗುತ್ತದೆ. ಕಾರ್ಬೊರೇಟರ್ ತೆಗೆದಾಗ ದೂಳು ಹೋಗದಿರಲಿ ಅಂತ ಇಂಜಿನ್ ಕಡೆಯ ರಂಧ್ರಕ್ಕೆ ಬಟ್ಟೆ ತುರುಕುತ್ತೇವೆ. ಒಳ್ಳೆಯದೇ. ಆದರೆ ಒಂದು ಸಲ ಆ ಬಟ್ಟೆಯ ಮೇಲೇ ಕಾರ್ಬೊರೇಟರ್ ಕೂರಿಸಿ ನಲವತ್ತು ಕಿಕ್ ಹೊಡೆದಿದ್ದೇನೆ. ಅವತ್ತಿನಿಂದ ಚಿಂದಿ ಬಟ್ಟೆ ಬಿಟ್ಟು ಮನೆಯಲ್ಲಿರುವ ಅತಿ ಕೆಂಪು ಬಟ್ಟೆಯನ್ನೇ ಬಳಸುತ್ತೇನೆ, ಅದರ ಅರ್ಧ ಭಾಗ ಹೊರಗೆ ನೇತಾಡುವಂತೆ.

ಪ್ಲಗ್ ಒಂದು ಬಿಚ್ಚಿ, ಅದೇ ಹೇಳುತ್ತದೆ

ಇಷ್ಟರಲ್ಲಿ ಸಿಗದಿದ್ದರೆ ಪ್ಲಗ್ ಬಿಚ್ಚಿ. ಹತ್ತು ಕಿಕ್ ಹೊಡೆದ ಮೇಲೆ ಬಿಚ್ಚಬೇಕು. ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಪೆಟ್ರೋಲ್ ಬರುತ್ತಿದೆ, ಆದರೆ ಉರಿಯುತ್ತಿಲ್ಲ. ಇಲ್ಲವೇ ಬರಬೇಕಾದ್ದಕ್ಕಿಂತ ಜಾಸ್ತಿ ಬರುತ್ತಿದೆ. ಇದೊಂದರಿಂದ ಅರ್ಧ ಗಾಡಿಯನ್ನು ಅನುಮಾನದಿಂದ ಬಿಡಿಸಬಹುದು.

ಒದ್ದೆ ಇದ್ದರೆ ಕರೆಂಟ್ ನೋಡಬೇಕು. ಇದನ್ನು ನಿಧಾನವಾಗಿ, ಹುಷಾರಾಗಿ ಮಾಡಿ. ಬಿಚ್ಚಿದ ಪ್ಲಗ್ಗನ್ನು ಒರೆಸಿ ವಾಪಸ್ ಹೆಡ್‌ನಲ್ಲೇ ಕೂರಿಸಿ. ಇನ್ನೊಂದು ಹಳೆಯ ಪ್ಲಗ್ ಇಟ್ಟುಕೊಂಡಿರಿ, ಅದನ್ನು ವಯರಿನ ತುದಿಯ ಪ್ಲಗ್ ಕ್ಯಾಪ್‌ಗೆ ಸಿಕ್ಕಿಸಿ. ಅದರ ಚೂಡಿಯ (ಸ್ಕ್ರೂ ಥರ ಗೀರಿರುವ) ಭಾಗ ಇಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ ಗಟ್ಟಿಯಾಗಿ ತಾಗಿರಲಿ. ಕೀ ಹಾಕಿ, ಕಿಕ್ ಹೊಡೆಯಿರಿ. ಪ್ಲಗ್ ಬಿಚ್ಚಿದ ತೂತು ತೆರೆದಿಟ್ಟು ಅದರ ಪಕ್ಕದಲ್ಲೇ ಕಿಡಿ ಹಾರಿಸುವವರನ್ನು ನೋಡಿದ್ದೇನೆ. ಆ ತೂತಿನಿಂದ ಪೆಟ್ರೋಲ್ ಆವಿ ಪಿಚಕಾರಿಯಂತೆ ಬರುತ್ತದೆ. ಬೆಂಕಿಗೆ ಬೇರೆ ಕಾರಣ ಬೇಕಿಲ್ಲ. ಪ್ಲಗ್ಗನ್ನು ಬರಿಗೈಲಿ ಹಿಡಿಯಬೇಡಿ, ರಬ್ಬರ್ ಹಿಡಿಯ ಪಕ್ಕಡದಲ್ಲಿ ಹಿಡಿಯಿರಿ. ಹತ್ತಿರದಲ್ಲಿ ಬೀಡಿ, ಅಡುಗೆ ಒಲೆ ಇರಬಾರದು. ಮತ್ತೆ, ನಮ್ಮೂರ ಬಿಸಿಲಲ್ಲಿ ಕಿಡಿ ಕಾಣುವುದಿಲ್ಲ. ಮಧ್ಯಾಹ್ನ ಎರಡಕ್ಕೆ ಅಂಗಳದಲ್ಲಿ ನೋಡಿ ‘ಕರೆಂಟೇ ಇಲ್ಲ’ ಅಂತ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ಲನ್ನೇ ಹೊಸದು ತಂದವರಿದ್ದಾರೆ. ನೆರಳಲ್ಲಿ ಇಲ್ಲವೇ ಸಂಜೆ ನೋಡಿ.

ನೀಲಿ ಕಿಡಿ ‘ಚಟ್’ ಅಂತ ಹಾರಿದರೆ ಸರಿ. ಕೆಂಪಗೆ, ನಿತ್ರಾಣವಾಗಿದ್ದರೆ ಇಲ್ಲವೇ ಇಲ್ಲದಿದ್ದರೆ, ಮೊದಲು ಕ್ಯಾಪ್ ನೋಡಿ. ಕ್ಯಾಪ್ ವಯರಿಗೆ ಸ್ಕ್ರೂ ಥರ ತಿರುಗಿಸಿ ಕೂರಿಸಿದ್ದು. ಪ್ಲಗ್ ಬಿಚ್ಚುವಾಗ ನಾವು ವಯರ್ ಹಿಡಿದು ಎಳೆದಿರುತ್ತೇವೆ, ಒಳಗೆ ಸಡಿಲವಾಗಿರುತ್ತದೆ. ಕ್ಯಾಪ್ ತಿರುಗಿಸಿ ಬಿಚ್ಚಿ, ವಯರಿನ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ, ಮತ್ತೆ ತಿರುಗಿಸಿ ಕೂರಿಸಿ. ಇದರಲ್ಲೇ ಎಷ್ಟೋ ಗಾಡಿ ಹೊರಟಿವೆ.

ಅಕ್ಕನ ಮಗನ ಕಥೆ ಬೇರೆ. ಆಳಂದದಿಂದ ಫೋನ್ ಮಾಡಿದ. ‘ಮಾಮಾ, ಹೊಸ ಬ್ಯಾಟ್ರಿ ಹಾಕ್ಸೀನಿ, ಹೊಸ ಪ್ಲಗ್ ಹಾಕ್ಸೀನಿ, ಆದ್ರೂ ಆಗ್ವಲ್ದು.’ ಉಸ್ತಾದರ ಪ್ರಶ್ನೆಯನ್ನೇ ಕೇಳಿದೆ. ಮೊದಲು ಏನೂ ಬಿಚ್ಚಿಲ್ಲ ಅಂದ. ಆಮೇಲೆ ಮೆಲ್ಲಗೆ, ಚಾಸಿಗೆ ಬಣ್ಣ ಹೊಡೆದೆ ಅಂದ. ಕಾಯಿಲ್ ಕೂರುವ ಜಾಗಕ್ಕೂ, ಅರ್ಥಿಂಗ್ ವಯರ್ ಬೋಲ್ಟ್ ಕೂರುವ ಜಾಗಕ್ಕೂ ಎರಡೆರಡು ಕೋಟ್ ಕಪ್ಪು ಬಣ್ಣ ಬಳಿದಿದ್ದ. ಬಣ್ಣದ ಮೂಲಕ ಕರೆಂಟ್ ಹರಿಯುತ್ತಾ? ಆ ಎರಡು ಜಾಗವನ್ನು ಪಾಲಿಶ್ ಪೇಪರ್‌ನಿಂದ ಹೊಳೆಯುವವರೆಗೆ ಉಜ್ಜಿಸಿದೆ, ಅಷ್ಟೇ. ನಮ್ಮ ಹಳೆಯ ಹೀರೋ ಹೋಂಡಾ ಗಾಡಿಗಳಲ್ಲಿ ಹಸಿರು ವಯರ್ ಅರ್ಥಿಂಗ್‌ನದು. ಬಿಚ್ಚಿ ಜೋಡಿಸಿದ ಮೇಲೆ ಹಸಿರು ವಯರ್ ಎಲ್ಲಾದರೂ ನೇತಾಡುತ್ತಿದ್ದರೆ ಅದೇ ಕಳ್ಳ.

ಕರೆಂಟ್ ಚೆನ್ನಾಗಿದ್ದೂ ಪ್ಲಗ್ ಒದ್ದೆ ಇದ್ದರೆ, ಚೋಕ್ ಹಾಕಿ ಕಿಕ್ ಹೊಡೆದೂ ಹೊಡೆದೂ ಒಳಗೆ ಪೆಟ್ರೋಲ್ ತುಂಬಿಸಿದ್ದೀರಿ. ಪ್ಲಗ್ ಬಿಚ್ಚಿ, ಕೀ ಬಂದ್ ಮಾಡಿ, ಕ್ಯಾಪ್ ದೂರ ಸರಿಸಿ, ಚೋಕ್ ತೆಗೆದು, ರೇಸ್ ಪೂರ್ತಿ ತಿರುಗಿಸಿ ಹಿಡಿದು ಹತ್ತು ಕಿಕ್ ಹೊಡೆಯಿರಿ. ಆವಿ ಹೊರಗೆ ಹೋಗಲಿ. ಪ್ಲಗ್ ಒಣಗಿಸಿ ಹಾಕಿ, ಹತ್ತು ನಿಮಿಷ ಬಿಟ್ಟು ಪ್ರಯತ್ನಿಸಿ. ಅಂದಹಾಗೆ, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಚೋಕ್ ಯಾಕೆ ಹಾಕುತ್ತೀರಿ? ಅದು ಡಿಸೆಂಬರ್ ಬೆಳಗ್ಗೆಗೆ ಇರಲಿ.

ಪ್ಲಗ್ ಒಣಗಿದ್ದರೆ

ಕಾರ್ಬೊರೇಟರ್ ಬಟ್ಟಲಿನ ಕೆಳಗೆ ಒಂದು ಡ್ರೈನ್ ಸ್ಕ್ರೂ ಇದೆ. ಸಣ್ಣ ಗಾಜಿನ ಬಾಟಲಿ ಹಿಡಿದು ಅದನ್ನು ಎರಡು ಸುತ್ತು ಸಡಿಲಿಸಿ. ಧಾರೆಯಾಗಿ ಬಂದರೆ ಬಟ್ಟಲಿಗೆ ಪೆಟ್ರೋಲ್ ಬರುತ್ತಿದೆ. ಸ್ವಲ್ಪ ಬಂದು ನಿಂತರೆ ಪೈಪ್, ಕಾಕ್ ಇಲ್ಲವೇ ಟ್ಯಾಂಕಿನ ಮುಚ್ಚಳದ ಗಾಳಿ ತೂತು ಕಟ್ಟಿಕೊಂಡಿದೆ. ಮುಚ್ಚಳ ತೆಗೆದಿಟ್ಟು ನೋಡಿ. ತಕ್ಷಣ ಹರಿದರೆ ಮುಚ್ಚಳದ್ದೇ ತಪ್ಪು.

ಬಾಟಲಿಯನ್ನು ಬೆಳಕಿಗೆ ಹಿಡಿಯುವುದನ್ನು ಮರೆಯಬೇಡಿ. ಟ್ಯಾಂಕನ್ನು ಮನೆಯಲ್ಲೇ ನೀರು ಹಾಕಿ ತೊಳೆದಿದ್ದರೆ ತಳದಲ್ಲಿ ನೀರು ಗೋಲಿಗೋಲಿಯಾಗಿ ಕೂತಿರುತ್ತದೆ. ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ಬೆರೆತಿರುತ್ತದೆ, ಅದು ನೀರನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಹಳೆಯ ಪೆಟ್ರೋಲ್ ಪೂರ್ತಿ ತೆಗೆದು ಹೊಸದು ಹಾಕಿ. ಹಾಗೆ ನಿಂತ ಗಾಡಿಯ ಪೈಪುಗಳಲ್ಲಿ, ಸೈಲೆನ್ಸರ್ ಬಾಯಲ್ಲಿ ಮಣ್ಣಿನ ಗೂಡು ಇದೆಯಾ ಅಂತಲೂ ನೋಡಿ. ಕುಂಬಾರ ಹುಳುವಿಗೆ ಇಂಥ ತೂತು ಅಂದರೆ ಬಾಡಿಗೆ ಇಲ್ಲದ ಮನೆ.

ಬಟ್ಟಲಿಗೆ ಪೆಟ್ರೋಲ್ ಬರುತ್ತಿದೆ, ಆದರೂ ಪ್ಲಗ್ ಒಣಗಿದೆ ಅಂದರೆ ಜೆಟ್‌ನಲ್ಲಿ, ಅಂದರೆ ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತಿರುಪಿನಲ್ಲಿ, ಕಚರಾ. ಸ್ಲೋ ಜೆಟ್ಟಿನ ತೂತು ಸೂಜಿಮೊನೆಗಿಂತ ಸಣ್ಣದು. ಆಕಾಶಕ್ಕೆ ಹಿಡಿದರೆ ಬೆಳಕಿನ ಚುಕ್ಕೆ ಕಾಣಬೇಕು. ಉಕ್ಕಿನ ತಂತಿ ತೂರಿಸಬೇಡಿ, ತೂತು ದೊಡ್ಡದಾದರೆ ಮತ್ತೆ ಚಿಕ್ಕದಾಗುವುದಿಲ್ಲ. ಪೆಟ್ರೋಲ್‌ನಲ್ಲಿ ನೆನೆಹಾಕಿ, ಪಂಕ್ಚರ್ ಅಂಗಡಿಯ ಗಾಳಿ ಹಿಡಿಸಿ. ಏರ್ ಸ್ಕ್ರೂ ಬಿಚ್ಚುವ ಮೊದಲು ಅದನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ ಎಷ್ಟು ಸುತ್ತು ಅಂತ ಎಣಿಸಿ ಬರೆದಿಟ್ಟುಕೊಳ್ಳಬೇಕಿತ್ತು. ಬರೆದಿಲ್ವಾ? ಒಂದೂವರೆ ಸುತ್ತಿನಿಂದ ಶುರು ಮಾಡಿ, ಗಾಡಿ ಹತ್ತಿದ ಮೇಲೆ ಸರಿಮಾಡಿಕೊಳ್ಳಿ.

ಸ್ಲೈಡ್ ಬಗ್ಗೆ ಒಂದು ಮಾತು. ರೇಸ್ ಕೇಬಲ್ಲಿನ ತುದಿಯಲ್ಲಿ ಸೂಜಿ ಸಮೇತ ಇರುವ ಕೊಳವೆ ಅದು. ಅದರ ಒಂದು ಪಕ್ಕದಲ್ಲಿ ಗೀರು ಇರುತ್ತದೆ, ಕಾರ್ಬೊರೇಟರ್ ಒಳಗಿನ ಪಿನ್ನಿಗೆ ಆ ಗೀರು ಕೂರಬೇಕು. ಕೆಳಗೆ ಓರೆಯಾಗಿ ಕತ್ತರಿಸಿದ ಕಡೆ ಏರ್ ಫಿಲ್ಟರ್ ಕಡೆಗಿರಬೇಕು. ಕೂರಿಸಿ ಮುಚ್ಚಳ ಹಾಕಿ ರೇಸ್ ತಿರುಗಿಸಿ ಬಿಡಿ. ‘ಟಕ್’ ಅಂತ ಕೆಳಗೆ ಬೀಳುವ ಸದ್ದು ಕೇಳಬೇಕು. ಕೇಳದಿದ್ದರೆ ಕಿಕ್ ಹೊಡೆಯಲೇಬೇಡಿ. ಸ್ಲೈಡ್ ಮೇಲೇ ಸಿಕ್ಕಿಕೊಂಡು ಗಾಡಿ ಹತ್ತಿಬಿಟ್ಟರೆ ಅದು ಫುಲ್ ರೇಸ್‌ನಲ್ಲೇ ಹತ್ತುತ್ತದೆ.

ಕರೆಂಟ್ ಇದೆ, ಪೆಟ್ರೋಲ್ ಇದೆ, ಆದರೂ ಇಲ್ಲ

ನನ್ನ ಅತಿ ಕೆಟ್ಟ ಭಾನುವಾರ ಇದೇ. ಏರ್ ಫಿಲ್ಟರ್, ಪ್ಲಗ್, ಕಾರ್ಬೊರೇಟರ್, ವಾಲ್ವ್ ಒತ್ತುವ ಟ್ಯಾಪೆಟ್ ನಾಲ್ಕೂ ಒಂದೇ ದಿನ ಬಿಚ್ಚಿದ್ದೆ. ದುರಾಸೆ. ಮಧ್ಯಾಹ್ನ ಹನ್ನೆರಡಕ್ಕೆ ಜೋಡಿಸಿ ಮುಗಿಯಿತು. ಕಿಕ್ ಹೊಡೆದೆ, ಇಲ್ಲ. ಪ್ಲಗ್ ಒದ್ದೆ, ಕಿಡಿ ನೀಲಿ. ಕಾರ್ಬೊರೇಟರ್ ಮತ್ತೆ ಬಿಚ್ಚಿದೆ, ಮತ್ತೆ ಹಾಕಿದೆ. ಎರಡು ಸಲ. ಒಳಗಿನಿಂದ ‘ರೊಟ್ಟಿ ಆರಲಾಕತ್ತಾವ’ ಅಂತ ಕೂಗು ಬಂತು, ಆಮೇಲೆ ಕೂಗೂ ನಿಂತಿತು. ಮೂರು ಗಂಟೆಗೆ ನಮ್ಮವ್ವ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದವಳು ಹೇಳಿದಳು: ‘ಯಪ್ಪಾ, ಮೊದ್ಲ ಒದಿಬೇಕಾದ್ರ ನೀ ಮ್ಯಾಲ ಎದ್ದು ನಿಲ್ತಿದ್ದಿ. ಈಗ ಕುಂತೇ ಒದಿಲಾಕತ್ತಿದಿ.’

ನಿಜ. ಕಿಕ್ ಬೆಣ್ಣೆಯಂತೆ ಇಳಿಯುತ್ತಿತ್ತು. ಕಾಲಿಗೆ ಎದುರು ಒತ್ತುವ ಆ ಗಟ್ಟಿತನವೇ ಇರಲಿಲ್ಲ. ಅಂದರೆ ಕಂಪ್ರೆಷನ್ ಇಲ್ಲ, ಇಂಜಿನ್ ಒಳಗೆ ಗಾಳಿ ಒತ್ತಲ್ಪಡುತ್ತಿಲ್ಲ. ನಾನು ಮೂರು ಗಂಟೆ ಕಣ್ಣಲ್ಲಿ ಹುಡುಕಿದ್ದು ಕಾಲಿಗೆ ಮೊದಲ ಕಿಕ್‌ನಲ್ಲೇ ಗೊತ್ತಾಗಬೇಕಿತ್ತು. ಈಗ ಏನೇ ಬಿಚ್ಚಿದರೂ, ಬಿಚ್ಚುವ ಮೊದಲು ಕೀ ಹಾಕದೆ ಎರಡು ಕಿಕ್ ಹೊಡೆದು ಕಾಲಿಗೆ ನೆನಪು ಮಾಡಿಸಿಕೊಳ್ಳುತ್ತೇನೆ.

ತಪ್ಪಾಗಿದ್ದು ಹೀಗೆ. ಟ್ಯಾಪೆಟ್ ಗ್ಯಾಪ್ ಇಡುವಾಗ ಗ್ಯಾಪ್ ಅಳೆಯುವ ತೆಳು ಫೀಲರ್ ಪತ್ತಿ ತೂರಿಸಿ, ನಡುವಿನ ಸ್ಕ್ರೂ ತಿರುಗಿಸಿ ಸರಿಯಾಗಿಯೇ ಇಟ್ಟಿದ್ದೆ. ಆಮೇಲೆ ಲಾಕ್ ನಟ್ ಬಿಗಿಮಾಡಿದೆ. ನಟ್ ತಿರುಗುವಾಗ ಜೊತೆಗೆ ನಡುವಿನ ಸ್ಕ್ರೂ ಕೂಡ ಚೂರು ತಿರುಗಿತು. ಗ್ಯಾಪ್ ಮಾಯ. ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ, ಒತ್ತಿದ ಗಾಳಿಯೆಲ್ಲ ಅಲ್ಲಿಂದ ಸೋರಿಹೋಗುತ್ತಿತ್ತು. ಒಂದು ಕೈಯಲ್ಲಿ ಸ್ಕ್ರೂ ಅಲುಗದಂತೆ ಹಿಡಿದು ಇನ್ನೊಂದು ಕೈಯಲ್ಲಿ ನಟ್ ಬಿಗಿಮಾಡಬೇಕು. ಬಿಗಿಮಾಡಿದ ಮೇಲೆ ಪತ್ತಿ ಮತ್ತೊಮ್ಮೆ ತೂರಿಸಿ ನೋಡಬೇಕು. ಕಾಗದದ ನಡುವಿಂದ ಕಾಗದ ಎಳೆದಂತೆ ಸ್ವಲ್ಪ ತಡೆದು ಬರಬೇಕು. ನಾನು ಎರಡನೇ ಸಲ ನೋಡಿರಲಿಲ್ಲ.

ಸರಿಪಡಿಸುವಾಗ ಇಂಜಿನ್ ಪೂರ್ತಿ ತಣ್ಣಗಿರಲಿ. ಪ್ಲಗ್ ಬಿಚ್ಚಿ, ಎಡಗಡೆ ಮ್ಯಾಗ್ನೆಟ್ ಕವರಿನ ಮುಚ್ಚಳಗಳನ್ನು ತೆಗೆದು, ಒಳಗಿನ ನಟ್ಟಿಗೆ ಪಾನಾ ಹಾಕಿ ಇಂಜಿನ್ನನ್ನು ಗಡಿಯಾರದ ಮುಳ್ಳಿನ ಉಲ್ಟಾ ದಿಕ್ಕಿಗೆ ತಿರುಗಿಸಿ. ‘ಟಿ’ ಗುರುತು ಕವರಿನ ಗೀರಿಗೆ ಬರಬೇಕು. ಆದರೆ ಇಂಜಿನ್ನಿನ ಒಂದು ಪೂರ್ತಿ ಆವರ್ತನೆ ಅಂದರೆ ಎರಡು ಸುತ್ತು, ಹಾಗಾಗಿ ಆ ಗುರುತು ಎರಡು ಸಲ ಬರುತ್ತದೆ. ಅದರಲ್ಲಿ ಒಂದು ಮಾತ್ರ ನಮಗೆ ಬೇಕಾದ್ದು. ವಾಲ್ವ್ ಒತ್ತುವ ಎರಡೂ ರಾಕರ್ ತೋಳುಗಳು ಕೈಗೆ ಚೂರು ಅಲುಗಿದರೆ ಸರಿಯಾದ ಜಾಗ. ಬಿಗಿ ಇದ್ದರೆ ಇನ್ನೊಂದು ಸುತ್ತು ತಿರುಗಿಸಿ. ತಪ್ಪು ಜಾಗದಲ್ಲಿ ಗ್ಯಾಪ್ ಇಟ್ಟರೆ ಗಾಡಿ ಹತ್ತಬಹುದು, ಆದರೆ ಟ್ಯಾಪೆಟ್ ಹೊಲಿಗೆ ಮಷೀನ್ ಥರ ಬಡಿಯುತ್ತದೆ. ಗ್ಯಾಪ್ ಎಷ್ಟು ಅಂತ ನಿಮ್ಮ ಗಾಡಿಯ ಪುಸ್ತಕದಲ್ಲೇ ನೋಡಿ, ನನ್ನದು ನಿಮಗೆ ಹೊಂದಬೇಕಂತಿಲ್ಲ.

ಹೆಡ್ ಬಿಚ್ಚಿ ಟೈಮಿಂಗ್ ಚೈನ್ ತೆಗೆದು ಹಾಕಿದ್ದು, ಆಮೇಲೆ ಕಿಕ್ ಎಲ್ಲೋ ಒಂದು ಕಡೆ ಗಟ್ಟಿಯಾಗಿ ತಡೆದರೆ, ಅಲ್ಲಿಗೇ ನಿಲ್ಲಿಸಿ. ಜೋರಾಗಿ ಒದೆಯಬೇಡಿ, ಧಕ್ಕಾ ಸ್ಟಾರ್ಟ್ ಬೇಡವೇ ಬೇಡ. ವಾಲ್ವ್ ಪಿಸ್ಟನ್‌ಗೆ ಬಡಿಯುತ್ತಿರಬಹುದು. ಗಾಡಿ ತಳ್ಳಿಕೊಂಡು ಉಸ್ತಾದರ ಹತ್ತಿರ ಹೋಗಿ, ಬಿಚ್ಚಿದ್ದನ್ನೆಲ್ಲ ಮುಚ್ಚಿಡದೆ ಹೇಳಿ. ಅವರು ಬೈಯುತ್ತಾರೆ. ಬೈಗುಳಕ್ಕೆ ಬಿಲ್ ಇಲ್ಲ.

2020ರ ಏಪ್ರಿಲ್ ನಂತರದ ಬಿಎಸ್ 6 (ಹೊಗೆಯ ಹೊಸ ನಿಯಮದ) ಗಾಡಿಯಾದರೆ ಕಾರ್ಬೊರೇಟರ್ ಮಾತು ಹೆಚ್ಚಿನವಕ್ಕೆ ಅನ್ವಯಿಸುವುದಿಲ್ಲ, ಅವು ಇಂಜೆಕ್ಷನ್‌ನವು. ಕೀ ಹಾಕಿದಾಗ ಟ್ಯಾಂಕಿನಿಂದ ಎರಡು ಸೆಕೆಂಡ್ ‘ಜೂಂ’ ಅಂತ ಪಂಪ್ ಸದ್ದು ಬರಬೇಕು. ಬರದಿದ್ದರೆ ನೀವು ಬಿಚ್ಚಿದ ಕನೆಕ್ಟರ್ ‘ಟಕ್’ ಅಂತ ಕೂತಿದೆಯಾ, ಫ್ಯೂಸ್, ಬ್ಯಾಟರಿ ಸರಿಯಿದೆಯಾ ನೋಡಿ. ಇಂಜಿನ್ ದೀಪ ಮಿಟುಕುತ್ತಲೇ ಇದ್ದರೆ ಸ್ಕ್ಯಾನರ್ ಇರುವವರ ಹತ್ತಿರ ಒಯ್ಯಿರಿ. ಪಂಪಿನ ಪೈಪ್‌ನಲ್ಲಿ ಒತ್ತಡ ಇರುತ್ತದೆ, ಅದನ್ನು ಬಿಚ್ಚಿ ಪರೀಕ್ಷೆ ಮಾಡಲು ಹೋಗಬೇಡಿ.

ಹತ್ತಿತಾ? ತಕ್ಷಣ ರೇಸ್ ಕೊಟ್ಟು ಓಣಿಗೆಲ್ಲ ಕೇಳಿಸಬೇಡಿ. ಎರಡು ನಿಮಿಷ ಸುಮ್ನೆ ಬಿಡಿ. ಕಾರ್ಬೊರೇಟರ್ ಕೆಳಗೆ ಕೈ ಇಟ್ಟು ತೇವ ಇದೆಯಾ ನೋಡಿ. ಓವರ್‌ಫ್ಲೋ ಪೈಪಿನಿಂದ ಹನಿಯುತ್ತಿದ್ದರೆ ಗಾಡಿ ಬಂದ್ ಮಾಡಿ, ಬಟ್ಟಲನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಬಟ್ಟಲಲ್ಲಿ ತೇಲುವ ಫ್ಲೋಟ್ ಸಿಕ್ಕಿಕೊಂಡಿದ್ದರೆ ಬಿಡುತ್ತದೆ. ಹ್ಯಾಂಡಲ್ ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ. ಇಂಜಿನ್ ಸದ್ದು ಏರಿದರೆ ರೇಸ್ ಕೇಬಲ್ ಟ್ಯಾಂಕಿನ ಕೆಳಗೆ ಬಿಗಿದುಕೊಂಡಿದೆ. ಬ್ರೇಕ್ ಎರಡೂ ಒತ್ತಿ ನೋಡಿ.

ಅದಾದ ಮೇಲೆ ಒಂದು ಸಣ್ಣ ಸುತ್ತು. ನಾನು ಅಪ್ಪನ ಕೆರೆ ತನಕ ಹೋಗಿ ಬರುತ್ತೇನೆ. ಜೇಬಲ್ಲಿ 10 ಮತ್ತು 12ರ ಪಾನಾ, ಪ್ಲಗ್ ಪಾನಾ ಇರುತ್ತವೆ. ವಾಪಸ್ ಬಂದು ಟ್ಯಾಪೆಟ್ ಮುಚ್ಚಳದ ಸುತ್ತ ಎಣ್ಣೆ ಜಿನುಗಿದೆಯಾ ನೋಡಿ, ಖಿರ್ದಿಯಲ್ಲಿ ತಾರೀಕು, ಕಿಲೋಮೀಟರ್ ಬರೆಯುತ್ತೇನೆ. ಕೈಯ ಗ್ರೀಸ್ ಬರೀ ಸೋಪಿಗೆ ಹೋಗುವುದಿಲ್ಲ. ಒಂದು ಚಮಚ ಸಕ್ಕರೆ, ನಾಲ್ಕು ಹನಿ ಶೇಂಗಾ ಎಣ್ಣೆ ಹಾಕಿ ಮೊದಲು ಚೆನ್ನಾಗಿ ಉಜ್ಜಿ, ಆಮೇಲೆ ಸೋಪು. ಸಕ್ಕರೆ ಡಬ್ಬಿಗೆ ಮಾತ್ರ ಕೊಳೆ ಕೈ ಹಾಕಬೇಡಿ. ಅದರ ರಿಪೇರಿ ನನಗೆ ಇನ್ನೂ ಬಂದಿಲ್ಲ.